ಮೃಗದ ಬೆನ್ನಿನ ಹೊಲಿಗೆ

"ಅಕ್ಕಾ, ಬೆನ್ನು ಕೆರೀತಿದೆ. ಎಡಗಡೆ, ಸ್ವಲ್ಪ ಮೇಲೆ."

"ಈಗ ಹೇಳ್ತೀಯಾ? ಮೂರು ಇಂಚು ರಬ್ಬರಿನ ಮೇಲೆ ಕೆರೆದ್ರೆ ನಿನಗೇನು ಗೊತ್ತಾಗುತ್ತೆ?"

"ಮಾವನಿಗಾದ್ರೂ ಹಿತವಾಗ್ಲಿ, ಕೆರಿ."

ಸಿನಿಮಾದ ಮೃಗದ ಉಡುಪಿಗೆ ಕತ್ತಿನ ಹಿಂಭಾಗದಲ್ಲಿ ಕೊನೆಯ ಹೊಲಿಗೆಯನ್ನು ಎಳೆದು ಗಂಟು ಹಾಕುತ್ತಿದ್ದ ಅಕ್ಕ ನಗಲಿಲ್ಲ. ಬಾಗಿದ ಸೂಜಿಯನ್ನು ತುಟಿಗಳ ನಡುವೆ ಹಿಡಿದು, ಮೇಣ ಹಚ್ಚಿದ ದಾರವನ್ನು ಕತ್ತರಿಸಿ, ಹೊಲಿಗೆಯ ಸಾಲು ಮುಚ್ಚುವಂತೆ ರಬ್ಬರಿನ ಹುರುಪೆಗಳನ್ನು ಒಂದರ ಮೇಲೊಂದು ಅಂಟಿಸಿದಳು. ಸೊಂಟದಿಂದ ತಲೆಯವರೆಗೆ ನೂರ ಹನ್ನೆರಡು ಹೊಲಿಗೆಗಳು. ಹಾಕಲು ಇಪ್ಪತ್ತೈದು ನಿಮಿಷ. ಬಿಚ್ಚಲು, ಕೈ ನಡುಗದಿದ್ದರೆ, ಐದು. ಒಳಗಿರುವವನು ತಾನಾಗಿ ಹೊರಬರಲು ದಾರಿಯಿರಲಿಲ್ಲ. ಅವನ ಮಾತು ಕೂಡ ಬೆನ್ನಿಗೆ ಕಿವಿ ತಾಗಿಸಿ ನಿಂತವಳಿಗೆ ಮಾತ್ರ ಕೇಳಿಸುತ್ತಿತ್ತು.

ಮಾವ ಎಂಬುದು ಹೊಲಿಗೆ ಕೋಣೆಯ ಹೆಂಗಸರು ಆ ಮೃಗಕ್ಕೆ ಇಟ್ಟ ಹೆಸರು. "ತೂಕ ಜಾಸ್ತಿ, ಮಾತು ಕಮ್ಮಿ, ಕೂತಲ್ಲೇ ಎಲ್ಲರ ಕೈಲೂ ಸೇವೆ ಮಾಡಿಸ್ಕೊಳ್ಳುತ್ತೆ" ಎಂದು ಅವರಲ್ಲಿ ಹಿರಿಯಳು ಮೊದಲ ದಿನವೇ ಹೇಳಿದ್ದಳು. ಐವತ್ತು ವರ್ಷಗಳ ಹಿಂದೆ ಕಪ್ಪು-ಬಿಳುಪಿನ ತೆರೆಯ ಮೇಲೆ ಸರೋವರದಿಂದ ಎದ್ದು ಬಂದು ಒಂದು ತಲೆಮಾರಿನ ನಿದ್ದೆಗೆಡಿಸಿದ ಮೃಗವದು. ಈಗಿನ ಪ್ರೇಕ್ಷಕರಿಗಾಗಿ ಅದನ್ನು ಮತ್ತೆ ಎಬ್ಬಿಸಲು ಹೊರಟ ನಿರ್ದೇಶಕ ಕಂಪ್ಯೂಟರಿನಲ್ಲಿ ಬಿಡಿಸಿದ ಮೃಗ ಬೇಡವೆಂದಿದ್ದ. "ಅದನ್ನ ನೋಡ್ತಾ ಜನ ಫೋನ್ ಒತ್ಕೊಂಡು ಕೂತಿರ್ತಾರೆ. ಭಯಕ್ಕೆ ತೂಕ ಬೇಕು. ಹಳೇ ಅಚ್ಚು, ಹಳೇ ಹೊಲಿಗೆ, ಒಳಗೆ ಜೀವ ಇರೋ ಮನುಷ್ಯ." ಗೋದಾಮಿನಲ್ಲಿ ಸಿಕ್ಕ ಹಳೆಯ ಅಚ್ಚು ಒಂದೇ ಎರಕಕ್ಕೆ ಬಿರಿದು ಎರಡು ಹೋಳಾಯಿತು. ಇನ್ನೊಂದು ಉಡುಪು ಮಾಡುವಂತಿರಲಿಲ್ಲ.

ಅದರೊಳಗೆ ಹಿಡಿಸುವಷ್ಟು ತೆಳ್ಳಗಿದ್ದವನು ಅಕ್ಕನ ಈ ತಮ್ಮನೊಬ್ಬನೇ. ಎಲ್ಲರೂ ಅವನನ್ನು ಕಡ್ಡಿ ಎನ್ನುತ್ತಿದ್ದರು. ಹನ್ನೆರಡು ವರ್ಷ ನಾಯಕರ ಬದಲಿಗೆ ಮಹಡಿಯಿಂದ ಬಿದ್ದವನು, ಗಾಜು ಒಡೆದವನು, ಬೆಂಕಿಯಲ್ಲಿ ಓಡಿದವನು. ತೆರೆಯ ಮೇಲೆ ಅವನ ಬೆನ್ನನ್ನಲ್ಲದೆ ಬೇರೇನನ್ನೂ ಯಾರೂ ಕಂಡಿರಲಿಲ್ಲ. ಮೃಗದ ಕಣ್ಣುಗಳು ಅವನ ನೆತ್ತಿಗಿಂತ ಒಂದು ಗೇಣು ಮೇಲಿದ್ದವು. ಅವನು ನೋಡುತ್ತಿದ್ದುದೂ ಉಸಿರಾಡುತ್ತಿದ್ದುದೂ ಅದರ ಗಂಟಲಿನ ಮಡಿಕೆಗಳಲ್ಲಿ ಅಡಗಿದ್ದ ನಾಲ್ಕು ತೂತುಗಳಿಂದ. ದವಡೆಯೊಳಗೆ ಅಂಗೈಯಗಲದ ಒಂದು ಫ್ಯಾನು ಇತ್ತು. ಅದರ ಗುಂಯ್‌ಗುಟ್ಟುವಿಕೆ ಮೈಕಿಗೆ ಸಿಗುತ್ತದೆಂದು ಕ್ಯಾಮೆರಾ ಓಡುವಾಗ ಅದನ್ನು ಆರಿಸಿಬಿಡುತ್ತಿದ್ದರು.

ಆದ್ದರಿಂದಲೇ ಅಕ್ಕ ಮೊದಲ ದಿನ ಒಂದು ಸನ್ನೆ ಗೊತ್ತುಮಾಡಿ, ಅದನ್ನು ಹಲಗೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆಸಿದ್ದಳು. ಮೃಗ ಎರಡೂ ಕೈಗಳನ್ನು ತಲೆಯ ಮೇಲಿಟ್ಟರೆ, ಯಾರ ಅಪ್ಪಣೆಗೂ ಕಾಯದೆ ಎಲ್ಲವೂ ನಿಲ್ಲಬೇಕು.

ಮೂರನೆಯ ದಿನ ಅವಳೇ ತಪ್ಪಿದಳು. ಮೃಗದ ಮೊಣಕಾಲು ಕುಸಿದದ್ದನ್ನು ಕಂಡು, ಸನ್ನೆ ಬಾರದಿದ್ದರೂ "ನಿಲ್ಸಿ!" ಎಂದು ಕಿರುಚಿದಳು. ಐದು ನಿಮಿಷ ಹೊಲಿಗೆ ಬಿಚ್ಚಿದ ಮೇಲೆ ಒಳಗಿನಿಂದ ಬಂದದ್ದು ಬೆವರಿನಲ್ಲಿ ತೊಯ್ದ, ಕೆರಳಿದ ಮುಖ. ಅವನು ಕುಸಿಯುವುದನ್ನು ನಟಿಸುತ್ತಿದ್ದನಷ್ಟೆ. ಅಂದಿನಿಂದ ಚಿತ್ರತಂಡದವರ ಬಾಯಲ್ಲಿ ಕಡ್ಡಿಯ ಜೊತೆಗೆ 'ಅಕ್ಕನ ಬಾಲ' ಎಂಬ ಹೆಸರೂ ಬಂತು. ಮನೆಗೆ ನಡೆಯುವ ದಾರಿಯುದ್ದಕ್ಕೂ ತಮ್ಮ ಅವಳಿಗಿಂತ ಹತ್ತು ಹೆಜ್ಜೆ ಮುಂದಿದ್ದ. ಬಾಗಿಲ ಬೀಗ ತೆಗೆಯುವಾಗ ತಿರುಗಿ ನೋಡದೆ ಹೇಳಿದ್ದ: "ಮೊದಲನೇ ಸಲ ಒಂದು ಪಾತ್ರ ಅಂತ ಸಿಕ್ಕಿದೆ ನನಗೆ. ಇನ್ನೊಂದ್ಸಲ ಸುಮ್‌ಸುಮ್ನೆ ಕೂಗಿದ್ರೆ ಬೇರೆ ಯಾರನ್ನಾದ್ರೂ ಹೊಲಿಯೋಕೆ ಕೇಳ್ತೀನಿ. ಆಣೆ ಮಾಡು." ಅವಳು ಆಣೆ ಮಾಡಿದ್ದಳು.

ಐದನೆಯ ದಿನ ಸನ್ನೆ ನಿಜವಾಗಿಯೇ ಬಂತು. ಮೃಗ ಎರಡೂ ಕೈಗಳನ್ನು ತಲೆಯ ಮೇಲಿಟ್ಟಿತು, ಎಲ್ಲರೂ ಓಡಿದರು, ಕಡ್ಡಿ ಕೆಮ್ಮುತ್ತ ಹೊರಬಂದ. ಅಷ್ಟರಲ್ಲಿ ನಿರ್ದೇಶಕ ಮಾನಿಟರಿನ ಮುಂದೆ ಕುಳಿತು ಆ ತುಣುಕನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದ.

"ನೋಡ್ರಿ ಇದನ್ನ. ರಾಕ್ಷಸ ತಲೆ ಹಿಡ್ಕೊಂಡು ನಿಂತಿದಾನೆ. ಹೆದರೋಕೆ ಬಂದೋರು ಅಳ್ತಾ ಹೋಗ್ತಾರೆ. ಸಾಯೋ ಸೀನಿಗೆ ಇದೇ ಬೇಕು."

"ಅದು ನಿಲ್ಸಿ ಅನ್ನೋ ಸನ್ನೆ, ಸಾರ್" ಎಂದಳು ಅಕ್ಕ.

"ಸನ್ನೆ ಬೇರೆ ಮಾಡ್ಕೊಳ್ಳಿ. ಬಲಗಾಲು ಮೂರು ಸಲ ನೆಲಕ್ಕೆ ಬಡೀಲಿ. ಏನಪ್ಪಾ ಕಡ್ಡಿ?"

"ಆಗುತ್ತೆ ಸಾರ್" ಎಂದು ಕಡ್ಡಿ ಒಣ ನೆಲದ ಮೇಲೆ ಬಡಿದು ತೋರಿಸಿದ. ಧಡ್, ಧಡ್, ಧಡ್. ಹಲಗೆಯ ಬರಹವನ್ನು ಯಾರೋ ಒರೆಸಿದರು. ಒಬ್ಬ ಮನುಷ್ಯನ ಉಸಿರಿಗೆ ಕಾವಲಿದ್ದ ಸನ್ನೆಯನ್ನು ಅಂದಕ್ಕೆ ಒಪ್ಪಿಸಿಬಿಡಲು ಅವರಿಗೆ ಹಿಡಿದದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು.

ಇಂದು ಆ ಸಾಯುವ ದೃಶ್ಯ. ಸಭಾಂಗಣದಷ್ಟು ದೊಡ್ಡ ಕೊಠಡಿಯ ನಡುವೆ ಇಟ್ಟಿಗೆಯ ತೊಟ್ಟಿ ಕಟ್ಟಿ, ಕರಿಯ ಬಣ್ಣ ಬಳಿದು, ನೀರು ತುಂಬಿದ್ದರು. ಹೊಗೆ ಬಿಡುವ ಯಂತ್ರ ಅದರ ಮೇಲೆ ಮಂಜು ಹರಡಿತು. ಇಬ್ಬರು ಕೈಹಿಡಿದು ಮೃಗವನ್ನು ಮೆಟ್ಟಿಲಿಳಿಸಿದರು.

"ಫ್ಯಾನ್ ಆಫ್. ಮಾತು ಬಂದ್. ಆಕ್ಷನ್."

ಮೃಗ ನೀರಿಗಿಳಿಯಿತು. ಮೊಣಕಾಲು, ತೊಡೆ, ಸೊಂಟ. ಅಲ್ಲಿ ನಿಂತು ಅದು ತತ್ತರಿಸಿದಾಗ, ತೊಟ್ಟಿಯ ಅಂಚಿನಲ್ಲಿದ್ದ ಅಕ್ಕ ಅದರ ಬಲಗಾಲಿಗಾಗಿ ಹುಡುಕಿದಳು. ಮೃಗಕ್ಕೆ ಕಾಲುಗಳೇ ಇರಲಿಲ್ಲ. ಸೊಂಟದ ಕೆಳಗೆ ಇದ್ದುದು ಕರಿಯ ನೀರು ಮಾತ್ರ. ಇಷ್ಟು ಜನ ಓದಿದವರು, ಇಷ್ಟು ದಿನ ತಾಲೀಮು; ಸೊಂಟದವರೆಗೆ ನೀರಿನಲ್ಲಿ ನಿಂತವನು ನೆಲಕ್ಕೆ ಕಾಲು ಬಡಿದರೆ ಯಾರಿಗೆ ಕಾಣುತ್ತದೆ, ಯಾರಿಗೆ ಕೇಳುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಪಕ್ಕದಲ್ಲಿದ್ದ ಸಹನಿರ್ದೇಶಕನ ತೋಳು ಹಿಡಿದಳು. "ಕಾಲು ಕಾಣ್ತಿಲ್ಲ" ಎಂದು ಪಿಸುಗುಟ್ಟಿದಳು.

ಅವನು ತುಟಿಯ ಮೇಲೆ ಬೆರಳಿಟ್ಟ.

ಮೃಗ ನಿಧಾನವಾಗಿ ಕೈಗಳನ್ನೆತ್ತಿ ತಲೆಯ ಮೇಲಿಟ್ಟಿತು. ತಾಲೀಮಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಕೈ ಇಳಿಸಿ, ಎದೆಯವರೆಗೆ ಮುಳುಗಿ, ಮಲಗಬೇಕು. ಅಕ್ಕ ಎಣಿಸಿದಳು. ಹತ್ತು ಕಳೆಯಿತು. ಹದಿನೈದು. ಕೈಗಳು ಇಳಿಯಲಿಲ್ಲ. ನಟನೆಯನ್ನು ಇನ್ನಷ್ಟು ಎಳೆಯುತ್ತಿದ್ದಾನೆಯೇ? ಎಳೆಯುವವನೇ ಅವನು. ಹೊಗಳಿದರೆ ಉಬ್ಬುವವನು. ಇಪ್ಪತ್ತು. ಸುಮ್ಮನೆ ಕೂಗುವುದಿಲ್ಲವೆಂದು ಮಾಡಿದ ಆಣೆ ಅವಳನ್ನು ತಡೆದಿತ್ತು.

"ಆಹಾ" ಎಂದ ನಿರ್ದೇಶಕ ಮೆಲ್ಲಗೆ. "ಹಾಗೇ ಬಿಡಿ. ಯಾರೂ ಅಲ್ಲಾಡಬೇಡಿ."

ಮೃಗ ಕದಲದೆ ನಿಂತದ್ದರಿಂದ ತೊಟ್ಟಿಯ ನೀರು ಅಲೆಯಿಲ್ಲದೆ ಸಪಾಟಾಯಿತು. ಆಗ ಅದರ ಬಲಗಡೆ, ಸೊಂಟದ ಪಕ್ಕದಲ್ಲಿ, ಒಂದು ಸಣ್ಣ ಉಂಗುರ ಎದ್ದು ಹರಡಿತು. ಅದರ ಬೆನ್ನಿಗೇ ಇನ್ನೊಂದು. ಇನ್ನೊಂದು. ಬಳಿಕ ನೀರು ಸುಮ್ಮನಾಯಿತು. ಮತ್ತೆ ಮೂರು ಉಂಗುರಗಳು, ಮೊದಲಿಗಿಂತ ಬಡವಾಗಿ. ಅವನು ಹೊಸ ಸನ್ನೆಯನ್ನೂ ಮಾಡುತ್ತಿದ್ದ, ಹಳೆಯದನ್ನೂ ಮಾಡುತ್ತಿದ್ದ. ಅವನ ಬಳಿ ಇದ್ದುದು ಅವೆರಡೇ. ನಲವತ್ತು ಜನ ಕಣ್ಣು ತುಂಬಿಕೊಂಡು ಅವನನ್ನೇ ನೋಡುತ್ತಿದ್ದರು.

ಅಕ್ಕ ಕೂಗಲಿಲ್ಲ. ಸೊಂಟದ ಚೀಲದಿಂದ ರಬ್ಬರು ಕೊಯ್ಯುವ ಚಾಕನ್ನು ತೆಗೆದುಕೊಂಡು ನೀರಿಗೆ ಧುಮುಕಿದಳು.

ಹತ್ತಿರ ಹೋದಾಗ ತಿಳಿಯಿತು: ಉಡುಪಿನ ಒಳಪದರದ ಸ್ಪಂಜು ನೀರು ಕುಡಿದು ಎದೆಯವರೆಗೆ ಬಿಗಿದುಕೊಂಡಿತ್ತು, ಮುಟ್ಟಿದರೆ ಒದ್ದೆ ಮರಳಿನ ಮೂಟೆ. ಬೆನ್ನಿನ ಹೊಲಿಗೆಗೆ ಐದು ನಿಮಿಷ ಬೇಕು. ಅವನ ಬಳಿ ಐದು ನಿಮಿಷವಿರಲಿಲ್ಲ. ಗಂಟಲಿನ ತೂತುಗಳ ಹಿಂದೆ ಅವನ ಮುಖವಿದೆ; ತೂತಿನಿಂದ ಕೆಳಕ್ಕೆ ಆರು ಬೆರಳಿಗೆ ಗಲ್ಲ, ಹತ್ತು ಬೆರಳಿಗೆ ಎದೆಗೂಡು. ಅಳತೆ ತೆಗೆದವಳು ಅವಳೇ. ಹತ್ತನೆಯ ಬೆರಳಿನ ಕೆಳಗೆ ಚಾಕು ಊರಿ, ಅದರ ಬೆನ್ನನ್ನು ಅವನ ಮೈಗೆ ತಾಗಿಸಿಕೊಂಡು, ಹೊಟ್ಟೆಯತ್ತ ಎಳೆದಳು. ಮೃಗ ಅವಳ ಮೇಲೆ ವಾಲಿತು. ಸೀಳಿನೊಳಗೆ ಎರಡೂ ಕೈ ತೂರಿಸಿ ಹರಿದಳು. ಬಿಸಿ ಹಬೆ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ತಮ್ಮನ ತಲೆ ಕೆಳಕ್ಕೆ ಜಾರಿ ಅವಳ ಹೆಗಲಿಗೆ ಬಿತ್ತು. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಕಣ್ಣು ತೆರೆದಿತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ.

"ಉಸಿರು ತಗೋ. ತಗೊಳ್ಳೋ! ನಿನ್ನ ಕಾಲಿಗೆ ಬೀಳ್ತೀನಿ, ತಗೋ."

ಹರಿದ ಚೀಲವನ್ನು ಎಳೆದಂಥ ಸದ್ದಿನೊಂದಿಗೆ ಅವನ ಎದೆ ಮೇಲೆದ್ದಿತು. ಅದಾದ ಮೇಲೆ, ಎಲ್ಲೋ ದೂರದಲ್ಲಿ, ನಿರ್ದೇಶಕ "ಕಟ್" ಎಂದ.

ನರ್ಸಿನ ಕೋಣೆಯಲ್ಲಿ, ಕಂಬಳಿ ಹೊದ್ದು ಕುಳಿತ ತಮ್ಮ ಒಂದು ಗಂಟೆಯ ಬಳಿಕ ಆಡಿದ ಮೊದಲ ಮಾತು: "ಶಾಟ್ ಹಾಳಾಯ್ತಾ?"

ಬಾಗಿಲಲ್ಲಿ ನಿಂತಿದ್ದ ನಿರ್ದೇಶಕ ಒಳಗೆ ಬಂದು ಅವನ ತಲೆ ನೇವರಿಸಿದ. "ನಿಮ್ಮಕ್ಕ ಧುಮುಕೋವರೆಗೂ ಬಂಗಾರ ಕಣಪ್ಪಾ. ಐವತ್ತು ವರ್ಷ ಮಾತಾಡ್ತಾರೆ. ಮುಳುಗೋದೊಂದು ಬಾಕಿ ಉಳೀತು."

"ಅವನು ಒಳಗೆ ಸಾಯ್ತಿದ್ದ" ಎಂದಳು ಅಕ್ಕ. ಅವಳ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನಮಗೆ ಹೇಗಮ್ಮಾ ಗೊತ್ತಾಗಬೇಕು? ಅಷ್ಟು ಚೆನ್ನಾಗಿ ಮಾಡ್ತಿದ್ದ."

ಅವನ ದನಿಯಲ್ಲಿ ಕಪಟವಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಕೆಟ್ಟವನಾಗಿದ್ದರೆ ಬೈಯಬಹುದಿತ್ತು. ಈತ ಮಾತ್ರ ತಾನು ಕಂಡ ಅಂದದ ಬಗ್ಗೆ ನಿಜವನ್ನೇ ಹೇಳುತ್ತಿದ್ದ. ಅದರೊಳಗೆ ಯಾರಿದ್ದರು ಎಂಬ ಪ್ರಶ್ನೆ ಅವನನ್ನು ಮುಟ್ಟಿಯೇ ಇರಲಿಲ್ಲ.

"ನಾಳೆ ಬೆಳಿಗ್ಗೆ ಮಾಡ್ತೀನಿ ಸಾರ್" ಎಂದ ಕಡ್ಡಿ. "ಹೊಟ್ಟೆ ಹೊಲಿದ್ರೆ ಆಯ್ತು. ಅಕ್ಕನ ಕೈ ಬಿದ್ರೆ ಗುರುತೂ ಸಿಗಲ್ಲ."

ನಿರ್ದೇಶಕ ಹೋದ ಮೇಲೆ ಅಕ್ಕ ಮಂಚದ ತುದಿಯಲ್ಲಿ ಕುಳಿತಳು. "ಒಳಗೆ ಹೇಗಿತ್ತು, ಹೇಳು."

ಅವನು ಕಂಬಳಿಯನ್ನು ಹೆಗಲ ಮೇಲೆಳೆದುಕೊಂಡ. "ನಿನ್ನನ್ನೇ ಕೂಗಿದೆ. ನನ್ನ ದನಿ ನನ್ನ ಕಿವಿಗೇ ವಾಪಸ್ ಬರ್ತಿತ್ತು. ತೂತಲ್ಲಿ ನೀನು ಕಾಣ್ತಿದ್ದೆ, ಬಾಯಲ್ಲಿ ಏನೋ ಎಣಿಸ್ತಾ." ಬಳಿಕ ಮುಖದಲ್ಲಿ ಬೆಳಕು ಬಂತು. "ಆದ್ರೆ ನೋಡಿದ್ಯಾ? ಲೈಟಿನವನೂ ಅಳ್ತಿದ್ದ. ನನ್ನನ್ನ ನೋಡಿ ಅಕ್ಕ, ನನ್ನನ್ನ."

"ನಾಳೆ ಬೇಡ ಕಣೋ."

"ಹೊಲಿದು ಕೊಡಲ್ಲ ಅಂದ್ರೆ ಬೇರೆಯವರು ಹೊಲೀತಾರೆ. ಅವರಿಗೆ ನನ್ನ ಗಲ್ಲ ಎಲ್ಲಿರುತ್ತೆ ಅಂತಾನೂ ಗೊತ್ತಿಲ್ಲ. ನೀನೇ ಯೋಚ್ನೆ ಮಾಡು."

ಅವಳು ಯೋಚಿಸಿದಳು. ಅವನು ಹೇಳಿದ್ದು ಸರಿಯಾಗಿತ್ತು. ಅವಳು ಕೈಬಿಟ್ಟರೆ ಬೇರೊಂದು ಕೈ ಬರುತ್ತದೆ. ಹಟ ಹಿಡಿದರೆ ಅವಳನ್ನು ಬಾಗಿಲ ಹೊರಗಿಡುತ್ತಾರೆ. ಅವನು ನಾಳೆ ನಗುತ್ತಲೇ ಕೈಯೆತ್ತಿ ಒಳಗೆ ಹೋಗುತ್ತಾನೆ. ಇನ್ನೊಂದು ಸಲ ಎಣಿಸುತ್ತ ನಿಲ್ಲುವ ಶಕ್ತಿ ಅವಳಲ್ಲಿ ಇರಲಿಲ್ಲ.

"ಆಯ್ತು. ಮಲ್ಕೋ" ಎಂದು ಎದ್ದಳು.

ಹೊಲಿಗೆ ಕೋಣೆಯ ಹೆಂಗಸರು ಮನೆಗೆ ಹೋಗಿದ್ದರು. ಕಿಟಕಿಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಉದ್ದನೆಯ ಮೇಜಿನ ಮೇಲೆ ಮೃಗ ಅಂಗಾತ ಮಲಗಿತ್ತು. ಸೀಳಿದ ಹೊಟ್ಟೆಯಿಂದ ನೀರು ಹರಿದು ಬಕೆಟ್ಟಿಗೆ ಬೀಳುತ್ತಿತ್ತು. ಅಕ್ಕ ಅದರೊಳಗೆ ಕೈಯಿಟ್ಟು ನೋಡಿದಳು. ಒಳಮೈ ಇನ್ನೂ ಬೆಚ್ಚಗಿತ್ತು. ಬೆಚ್ಚಿ ಕೈ ಹಿಂತೆಗೆದಳು.

ಬಾಗಿಲಿಗೆ ಅಗುಳಿ ಹಾಕಿ, ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡಳು. ಮೊದಲು ತಲೆ. ಮೂರು ತಿಂಗಳು ಒಂದೊಂದಾಗಿ ಅಂಟಿಸಿದ ಹುರುಪೆಗಳು ಬ್ಲೇಡಿನ ಕೆಳಗೆ ಕರಕರ ಸದ್ದು ಮಾಡಿದವು. ಸಿಟ್ಟಿನಿಂದ ಕೊಚ್ಚಲಿಲ್ಲ, ಕಲಿತ ಕೈ ಹಾಗೆ ಮಾಡಗೊಡಲಿಲ್ಲ. ಯಾರೂ ಮತ್ತೆ ಜೋಡಿಸಲಾಗದಂತೆ ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ, ಅಂಚು ಸರಿಮಾಡಿ, ಮೇಜಿನ ಕೊನೆಯಲ್ಲಿ ಒಟ್ಟುತ್ತ ಹೋದಳು. ತಲೆ ಮುಗಿಯಿತು. ಎದೆ, ಬೆನ್ನು, ಎರಡು ಕಾಲು, ಒಂದು ಕೈ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ನಾಳೆ ಅವನು ತನ್ನ ಮುಖ ನೋಡುವನೋ, ಈ ಜನ್ಮದಲ್ಲಿ ಮತ್ತೆ ನೋಡುವನೋ ಇಲ್ಲವೋ ಎಂಬ ಭಯದಲ್ಲಿ ಅವಳ ಕೈ ಒಮ್ಮೆ ನಿಂತಿತು. ಬಳಿಕ ಕತ್ತರಿ ಮತ್ತೆ ಬಾಯಿ ತೆರೆಯಿತು.

ಹೊರಗೆ ಎಳೆದೆಳೆದು ಇಡುವ ಹೆಜ್ಜೆ. ಒಂದು ಕೆಮ್ಮು. ಬಾಗಿಲ ಮೇಲೆ ಬೆರಳ ಗೆಣ್ಣಿನ ತಟ್ಟು.

"ಅಕ್ಕಾ? ನಿದ್ದೆ ಬರ್ಲಿಲ್ಲ. ಆಯ್ತಾ?"

ಅವಳು ಕತ್ತರಿ ನಿಲ್ಲಿಸಿದಳು. "ಇನ್ನು ಸ್ವಲ್ಪ ಇದೆ."

"ಎಷ್ಟು?"

"ಒಂದು ಕೈ."

"ನಿಧಾನಕ್ಕೆ ಮಾಡು. ನಾನು ಇಲ್ಲೇ ಕೂತಿರ್ತೀನಿ."

ಅವನು ಬಾಗಿಲಿಗೊರಗಿ ನೆಲಕ್ಕೆ ಜಾರಿದ ಸದ್ದಾಯಿತು. ಹೊಸ್ತಿಲ ಸಂದಿಯ ಬೆಳಕಿಗೆ ಅವನ ನೆರಳು ಅಡ್ಡ ಬಂತು. ಒಂದು ಸಲ ಕೆಮ್ಮಿ, ಬಾಯಲ್ಲೇ ಏನೋ ಗುನುಗತೊಡಗಿದ. ಅಕ್ಕ ಕತ್ತರಿಯ ಸದ್ದು ಕೇಳಿಸದಂತೆ ಮೆಲ್ಲಮೆಲ್ಲಗೆ, ಒಂದೊಂದೇ ಬೆರಳನ್ನು ಕತ್ತರಿಸುತ್ತ ಹೋದಳು.