ಒಂಬತ್ತನೆಯ ನಂಬರಿನ ಕ್ಲಿಪ್ಪು

ಆ ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ, ಬಯಲಿನ ಮೇಲೆ ನೆಟ್ಟಗೆ ಹಾರುತ್ತಿದ್ದ ಹಳದಿ ವಿಮಾನ ಇದ್ದಕ್ಕಿದ್ದಂತೆ ಮಗುಚಿಕೊಂಡಿತು. ಮತ್ತೆ ಸರಿಯಾಗಲಿಲ್ಲ. ಮೂಗು ಕೆಳಗೆ ಮಾಡಿ, ಹಾರಿಸುವವರು ನಿಲ್ಲುವ ಗೆರೆ ದಾಟಿ, ತಂತಿಬೇಲಿ ದಾಟಿ, ವಾಕಿಂಗ್ ಹಾದಿಯಲ್ಲಿ ತಮ್ಮ ಪಾಡಿಗೆ ತಾವು ಹೋಗುತ್ತಿದ್ದ ನಿವೃತ್ತ ಪೋಸ್ಟಾಫೀಸು ಮೇಡಂ ಅವರ ಎಡ ಭುಜಕ್ಕೆ ಬಂದು ಬಡಿಯಿತು. ಎರಡೂವರೆ ಕಿಲೋ ತೂಕದ ಆಟದ ವಿಮಾನ. ಆಟದ್ದು ಅಂತ ಮೂಳೆಗೆ ಯಾರು ಹೇಳಬೇಕು? ಕತ್ತಿನ ಬುಡದ ಮೂಳೆ ಮುರಿದ ಸದ್ದು ಹತ್ತು ಮಾರು ದೂರದಲ್ಲಿ ನಿಂತವರಿಗೂ ಕೇಳಿಸಿತು.

ಕೇಳಿಸಿಕೊಂಡವರಲ್ಲಿ ಭಾವ ಒಬ್ಬರು. ಭಾವ ಅಂದರೆ ಇಡೀ ಬಯಲಿಗೇ ಭಾವ. ಕಸುಬಿನಲ್ಲಿ ಹಲ್ಲಿನ ಸೆಟ್ಟು ಕಟ್ಟುವವರು. ಊರಿನ ಅರ್ಧ ಮುದುಕರು ಅಗಿಯುವುದು, ನಗುವುದು ಇವರ ಕೈಕೆಲಸದಿಂದ. ವಿಮಾನದ ಹುಚ್ಚು ಹತ್ತಿಸಿಕೊಂಡು ಹೆಂಡತಿಯ ತಮ್ಮನಿಗೂ ಅಂಟಿಸಿದ್ದರು. ಆ ಬಾಮೈದ ಬಾಯಿ ತುಂಬ 'ಭಾವ, ಭಾವ' ಎಂದು ಕರೆಯುತ್ತಿದ್ದದ್ದನ್ನು ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಹತ್ತಿತು. ಹಳದಿ ವಿಮಾನ ಆ ಬಾಮೈದನದೇ. ಅವನು ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೈಕಲ್ಲಿಗೂ ತಾಗಿಸಿದವನಲ್ಲ.

ಬಯಲು ಯಾರಪ್ಪನ ಆಸ್ತಿಯೂ ಅಲ್ಲ, ನಗರಸಭೆಯದು. ಅಲ್ಲಿ ನಡೆಯುವವರಿದ್ದಾರೆ, ಚೆಂಡಾಡುವವರಿದ್ದಾರೆ, ಗಾಳಿಪಟದವರಿದ್ದಾರೆ, ನಾಯಿ ಕರೆತರುವವರಿದ್ದಾರೆ. ಇಷ್ಟು ಜನರ ನಡುವೆ ವಿಮಾನ ಹಾರಿಸಲು ಭಾವ ಕಟ್ಟಿದ ಸಂಘಕ್ಕೆ ಅಪ್ಪಣೆ ಸಿಕ್ಕಿದ್ದರೆ ಅದು ಅವರು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ್ದರಿಂದ. ಗೇಟಿನ ಪಕ್ಕದಲ್ಲಿ ಹನ್ನೊಂದು ನಿಯಮಗಳ ಬೋರ್ಡು ಬರೆದವರೂ ಅವರೇ. ಜನರ ತಲೆಯ ಮೇಲೆ ಹಾರಿಸಬಾರದು, ಗೆರೆ ದಾಟಬಾರದು, ಇಳಿಸುವ ಮೊದಲು ಕೂಗಿ ಹೇಳಬೇಕು. ಇಂಥವು. ಆದರೆ ಅವರ ಪ್ರಾಣ ಇದ್ದದ್ದು ಮೂರನೆಯ ನಿಯಮದಲ್ಲಿ: ಕ್ಲಿಪ್ಪು ಇಲ್ಲದೆ ರಿಮೋಟು ಆನ್ ಮಾಡಬಾರದು.

ಬಟ್ಟೆ ಒಣಗಿಸುವ ಮರದ ಕ್ಲಿಪ್ಪೇ ಅದು, ಬೇರೇನಲ್ಲ. ಒಂದೊಂದರ ಮೇಲೆ ಬಣ್ಣದಲ್ಲಿ ಒಂದೊಂದು ನಂಬರು. ಹೊಸ ರಿಮೋಟುಗಳಿಗೆ ಈ ತಾಪತ್ರಯವಿಲ್ಲ. ಈ ಸಂಘದಲ್ಲಿ ಮಾತ್ರ ಅರ್ಧಕ್ಕರ್ಧ ಜನ ಹಳೆಯದನ್ನೇ ಬಿಡದೆ ಹಿಡಿದುಕೊಂಡವರು. ಹಳೆಯ ರಿಮೋಟಿಗೆ ಒಂದು ನಂಬರು ಇರುತ್ತದೆ. ಒಂದೇ ನಂಬರಿನ ಎರಡು ರಿಮೋಟು ಒಟ್ಟಿಗೆ ಆನ್ ಆದವೋ, ಮೇಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೆಂದು ತಿಳಿಯುವುದಿಲ್ಲ. ಇಬ್ಬರು ಯಜಮಾನರಿರುವ ಮನೆಯ ಆಳಿನ ಪಾಡು. ಅದಕ್ಕೇ ನಂಬರಿಗೊಂದೇ ಕ್ಲಿಪ್ಪು. ಹಾರಿಸುವವನು ಬೋರ್ಡಿನಿಂದ ತನ್ನ ನಂಬರಿನದನ್ನು ತೆಗೆದು ರಿಮೋಟಿಗೆ ಸಿಕ್ಕಿಸಬೇಕು, ಆಮೇಲೆ ಸ್ವಿಚ್ಚು. ಕ್ಲಿಪ್ಪು ಬೋರ್ಡಿನಲ್ಲಿ ಇಲ್ಲವೆಂದರೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಒಂಬತ್ತನೆಯ ನಂಬರಿನವರು ಇಬ್ಬರೇ: ಭಾವ ಮತ್ತು ಬಾಮೈದ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಜೋಡಿಯಾಗಿ ಕೊಂಡ ರಿಮೋಟುಗಳು.

ಮೂರು ವರ್ಷದ ಹಿಂದೆ ಔಷಧಿ ಅಂಗಡಿಯವರೊಬ್ಬರು ಕ್ಲಿಪ್ಪಿಲ್ಲದೆ ಅರೆಕ್ಷಣ ಸ್ವಿಚ್ಚು ಒತ್ತಿದ್ದರು. ಯಾವ ವಿಮಾನವೂ ಬೀಳಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ಭಾವ ಅವರನ್ನು ಸಂಘದಿಂದ ತೆಗೆದೇ ಬಿಟ್ಟರು. ಆ ಮನುಷ್ಯ ಗೇಟಿನ ಹತ್ತಿರ ನಿಂತು ಅಂಗಲಾಚಿದರೂ ಭಾವ ಜಗ್ಗಲಿಲ್ಲ. "ಸತ್ತ ಮೇಲೆ ನಿಯಮ ಓದೋಕಾಗುತ್ತಾ?" ಎಂದು ಕೇಳಿದ್ದರು. ಮಾತೇನೋ ಸರಿಯೇ.

ಅಂಥವರು ಆ ಭಾನುವಾರ ಬಯಲಿಗೆ ಬಂದದ್ದು ಸ್ವಲ್ಪ ತಡವಾಗಿ. ಹೆಗಲಿಗೆ ಚೀಲ ಹಾಕಿಕೊಂಡೇ ಬೇಲಿಯ ಬದಿಗೆ ಹೋಗಿ, ಗಾಳಿಪಟದವರಿಗೆ ದಾರ ಆಚೆ ಬಿಡಿ ಅಂತ ಪಾಠ ಹೇಳುತ್ತಿದ್ದರು. ಅವರ ಎದುರಿಗೇ ಹಳದಿ ವಿಮಾನ ತಗ್ಗಿನಲ್ಲಿ ಹಾದುಹೋಯಿತು, ಮರುಕ್ಷಣ ಮಗುಚಿತು.

ಆಂಬುಲೆನ್ಸ್ ಬಂತು, ಮೇಡಂ ಅವರನ್ನು ಎತ್ತಿಕೊಂಡು ಹೋಯಿತು. ಹೋಗುವಾಗ ಆಯಮ್ಮ ನೋವಿನಲ್ಲೂ ಯಾರನ್ನೂ ಬೈಯಲಿಲ್ಲ. ಅದೇ ಎಲ್ಲರಿಗೂ ಇನ್ನಷ್ಟು ಕಷ್ಟವಾಯಿತು. ಸಂಘದ ಹದಿನಾಲ್ಕು ಜನ ಬೋರ್ಡಿನ ಸುತ್ತ ಗರ ಬಡಿದವರಂತೆ ನಿಂತಿದ್ದರು. ಬಾಮೈದ ನಡುವೆ. ಅವನ ರಿಮೋಟಿನ ಮೇಲೆ ಒಂಬತ್ತರ ಕ್ಲಿಪ್ಪು ಇತ್ತು.

"ಕ್ಲಿಪ್ಪು ತಗೊಂಡೇ ಆನ್ ಮಾಡಿದ್ಯಾ?" ಎಂದು ಭಾವ ಕೇಳಿದರು.

"ತಗೊಂಡೇ, ಭಾವ."

"ದೂರ ಹೋಗಿ ಸಿಗ್ನಲ್ ನೋಡಿದ್ಯಾ?"

"ಎಪ್ಪತ್ತು ಹೆಜ್ಜೆ ಹೋಗಿ ನೋಡಿದೆ. ಸರಿ ಇತ್ತು."

"ಬ್ಯಾಟರಿ?"

"ಫುಲ್."

"ಹಾಗಾದ್ರೆ ಇನ್ನೇನು ಉಳೀತು? ಕೈ." ಭಾವ ತಗ್ಗಿದ ದನಿಯಲ್ಲಿ, ತೀರ್ಪು ಓದುವವರ ಹಾಗೆ ಹೇಳಿದರು. "ಯಂತ್ರ ಸರಿ ಇದ್ದು ವಿಮಾನ ಬಿತ್ತು ಅಂದ್ರೆ ಕೈ ತಪ್ಪಿದೆ. ವಯಸ್ಸಾಗ್ತಿದೆ, ಒಪ್ಕೋ. ನಂಟಸ್ತಿಕೆ ನೋಡಿ ನಾನು ಬಿಡೋನಲ್ಲ."

ಎಲ್ಲರಿಗೂ ಭಾವನ ಮೇಲೆ ಗೌರವ ಇನ್ನೊಂದು ಗೇಣು ಏರಿತು. ಸ್ವಂತ ಬಾಮೈದನನ್ನೂ ಬಿಡಲಿಲ್ಲ ನೋಡಿ, ಅಂದುಕೊಂಡರು. ಬಾಮೈದ ತನ್ನ ಎರಡು ಅಂಗೈಗಳನ್ನು ಮೇಲೆ ಮಾಡಿ, ಬೇರೆ ಯಾರದೋ ಕೈ ನೋಡುವವನಂತೆ ನೋಡಿಕೊಂಡ.

ಮಧ್ಯಾಹ್ನ ಎರಡೂವರೆಗೆ ಭಾವ ತಮ್ಮ ಕೆಲಸದ ಕೋಣೆಗೆ ಹೋದರು. ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕುಳಿತಿದ್ದವು. ಬುಧವಾರಕ್ಕೆ ಕೊಡಬೇಕಾದ ಮೇಲಿನ ಸೆಟ್ಟೊಂದು ಉಜ್ಜುವುದು ಬಾಕಿ ಇತ್ತು. ಮೊದಲು ಚೀಲ ಖಾಲಿ ಮಾಡೋಣವೆಂದು ಜಿಪ್ಪು ಎಳೆದು ರಿಮೋಟು ಕೈಗೆತ್ತಿಕೊಂಡರು.

ಅದು ಬೆಚ್ಚಗಿತ್ತು.

ಬಿಸಿಲಿಗೆ ಬೆಚ್ಚಗಾಗಿರಬೇಕು, ಅಂದುಕೊಂಡರು. ಮನಸ್ಸು ಎಷ್ಟು ಬೇಗ ವಕೀಲನಾಗುತ್ತದೆ ನೋಡಿ! ಆಮೇಲೆ ತಿರುಗಿಸಿ ನೋಡಿದರು. ಬ್ಯಾಟರಿಯ ಮುಳ್ಳು ಕೆಂಪಿಗೆ ಬಿದ್ದಿತ್ತು. ಸ್ವಿಚ್ಚು ಮೇಲಿತ್ತು. ಆನ್.

ಸ್ಟೂಲು ಎಲ್ಲಿದೆಯೆಂದು ನೋಡದೆಯೇ ಕುಳಿತುಬಿಟ್ಟರು. ಪುಣ್ಯಕ್ಕೆ ಅದು ಇದ್ದಲ್ಲೇ ಇತ್ತು. ಬೆಳಿಗ್ಗೆ ಹೊರಡುವ ಮುಂಚೆ ಬ್ಯಾಟರಿ ನೋಡಲೆಂದು ಸ್ವಿಚ್ಚು ಹಾಕಿದ್ದು ನೆನಪಾಯಿತು. ಅಷ್ಟರಲ್ಲಿ ಹೆಂಡತಿ, ನೀರಿನ ಕ್ಯಾನು ಎತ್ತಿಕೊಡಿ ಅಂತ ಕೂಗಿದ್ದು ನೆನಪಾಯಿತು. ಕ್ಯಾನು ಎತ್ತಿಕೊಟ್ಟದ್ದು, ವಾಪಸು ಬಂದು ರಿಮೋಟನ್ನು ಚೀಲಕ್ಕೆ ತುರುಕಿದ್ದು, ತಡವಾಯಿತೆಂದು ಓಡಿದ್ದು, ಎಲ್ಲ ನೆನಪಾಯಿತು. ಸ್ವಿಚ್ಚು ಕೆಳಗೆ ಮಾಡಿದ್ದು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ.

ಅಂದರೆ ಗೇಟು ದಾಟಿದಾಗಲೂ ಅದು ಆನ್ ಇತ್ತು. ಗಾಳಿಪಟದವರಿಗೆ ಬುದ್ಧಿ ಹೇಳುವಾಗಲೂ ಹೆಗಲ ಮೇಲೆ ಆನ್ ಇತ್ತು. ಹಳದಿ ವಿಮಾನ ಎದುರಿಗೇ ಹಾದಾಗಲೂ. ಆಂಟೆನಾ ಮಡಚಿದ ರಿಮೋಟಿನ ಮಾತು ಅಷ್ಟು ಹತ್ತಿರ ಬಂದ ವಿಮಾನಕ್ಕೆ ಮಾತ್ರ ಕೇಳಿಸುತ್ತದೆ. ಬಾಮೈದನನ್ನು ಜನರ ನಡುವೆ ನಿಲ್ಲಿಸಿ 'ಕೈ' ಎಂದಾಗಲೂ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಮೇದದ್ದೂ ಸಾಲದೆಂದು ಹೊಲವನ್ನೇ ಬೈದು ಬಂದಿತ್ತು.

ಭಾವ ಬೆರಳಿನಿಂದ ಸ್ವಿಚ್ಚು ಕೆಳಗೆ ಮಾಡಿದರು. ಈಗ ಪ್ರಪಂಚದಲ್ಲಿ ಇದು ಗೊತ್ತಿದ್ದದ್ದು ಅವರೊಬ್ಬರಿಗೇ.

ನಾಲ್ಕು ಗಂಟೆಗೆ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ನನ್ನ ತಮ್ಮ ಫೋನ್ ಮಾಡಿದ್ದ. ನಾಳೆ ಬೆಳಿಗ್ಗೆ ಡಿಪೋದಲ್ಲಿ ಬರೆದುಕೊಡ್ತಾನಂತೆ. ಸ್ಟೀರಿಂಗ್ ಬೇಡವಂತೆ. ಗುಡಿಸೋ ಕೆಲಸ ಕೊಟ್ರೂ ಸರಿ ಅಂತಾನೆ."

"ಯಾಕಂತೆ?" ಎಂದರು ಭಾವ.

"ನೀವೇ ಹೇಳಿದ್ರಂತಲ್ಲ, ಕೈ ತಪ್ಪಿದೆ ಅಂತ. ಎರಡೂವರೆ ಕಿಲೋದ್ದನ್ನ ಹಿಡಿಯೋಕಾಗ್ದಿರೋ ಕೈಗೆ ಅರವತ್ತು ಜನರ ಬಸ್ಸು ಹ್ಯಾಗೆ ಕೊಡ್ಲಿ ಅಕ್ಕ, ಅಂತ ಅಳ್ತಿದ್ದ. ನಲವತ್ತೆಂಟು ವರ್ಷದ ಗಂಡಸು."

ಇದನ್ನು ಭಾವ ಎಣಿಸಿರಲಿಲ್ಲ. ಹೆಚ್ಚೆಂದರೆ ನಾಲ್ಕು ವಾರ ಬಯಲಿಗೆ ಬರಬೇಡ ಎನ್ನುವ ಶಿಕ್ಷೆ ಅಂದುಕೊಂಡಿದ್ದರು. ತಾವು ಹಗುರವಾಗಿ ಎಸೆದ ಒಂದು ಮಾತನ್ನು ಆ ಹುಂಬ ಹೀಗೆ ಎದೆಗೆ ಹಾಕಿಕೊಳ್ಳುತ್ತಾನೆಂದು ಯಾರಿಗೆ ಗೊತ್ತಿತ್ತು? ಗೊತ್ತಿರಬೇಕಿತ್ತು. ಭಾವ ಹೇಳಿದ್ದೆಲ್ಲ ಅವನಿಗೆ ವೇದವಾಕ್ಯವೆಂದು ಊರಿಗೇ ಗೊತ್ತಿತ್ತು.

"ಅವನ ಕೈಯೇ ಅಂತ ಹೇಳೋಕಾಗಲ್ಲ," ಎಂದರು.

"ಮತ್ತೆ ಏನು? ಬೇರೆ ಏನಾದ್ರೂ ಇದ್ರೆ ಹೇಳಿ. ಈಗಲೇ ಫೋನ್ ಮಾಡಿ ಹೇಳ್ತೀನಿ."

ಸಂಘ ಕಟ್ಟಿದ ಹತ್ತೊಂಬತ್ತು ವರ್ಷ, ಹನ್ನೊಂದು ನಿಯಮ, ಗೇಟಿನ ಹತ್ತಿರ ಕೈಮುಗಿದ ಔಷಧಿ ಅಂಗಡಿಯವರು, ನಗರಸಭೆಯ ಅಪ್ಪಣೆ, ಎಲ್ಲ ಒಟ್ಟಿಗೆ ಬಂದು ನಾಲಿಗೆಯ ಮೇಲೆ ಕುಳಿತವು.

"ನೋಡ್ತೀನಿ," ಎಂದು ಭಾವ ಪ್ಲಾಸ್ಟರಿನ ದವಡೆ ಕೈಗೆತ್ತಿಕೊಂಡರು.

ಹೆಂಡತಿ ಒಳಗೆ ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಬೆಳಿಗ್ಗೆ ಹೆಂಡತಿ ಹೇಳದೆ ಕೇಳದೆ ತಮ್ಮನ ಮನೆಗೆ ಹೊರಟುಹೋಗಿದ್ದಳು. ಹತ್ತು ಗಂಟೆಯವರೆಗೆ ಭಾವ ಮೇಲಿನ ಸೆಟ್ಟು ಉಜ್ಜಿದರು. ಉಜ್ಜಿ ಉಜ್ಜಿ ಒಂದು ಹಲ್ಲಿನ ಮೂಲೆಯನ್ನೇ ಸವೆಸಿಬಿಟ್ಟರು. ಆ ಸವೆದ ಹಲ್ಲು ನೋಡಿದಾಗ ಅವರಿಗೆ ಇನ್ನು ಕೂರಲಾಗಲಿಲ್ಲ. ರಾತ್ರಿಯೇ ಚಾರ್ಜಿಗಿಟ್ಟಿದ್ದ ರಿಮೋಟನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು ಹೊರಟರು.

ಬಾಮೈದ ಮನೆಯಲ್ಲೇ ಇದ್ದ. ಊಟದ ಮೇಜಿನ ಮೇಲೆ ಹಳದಿ ವಿಮಾನ ಬಿದ್ದಿತ್ತು. ಒಂದು ರೆಕ್ಕೆ ಪುಡಿ, ಬಾಲ ನೆಟ್ಟಗೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ನಿಂತಿದ್ದಳು.

ಭಾವ ಚಪ್ಪಲಿಯನ್ನೂ ಬಿಡಲಿಲ್ಲ. "ತಪ್ಪು ನಿನ್ನದಲ್ಲ. ನನ್ನ ರಿಮೋಟು ಚೀಲದಲ್ಲಿ ಆನ್ ಇತ್ತು. ವಿಮಾನ ಕೆಡವಿದ್ದು ನಾನು."

ಬಾಮೈದ ತಲೆಯೆತ್ತಿ ನೋಡಿದ. ಆಮೇಲೆ, ಯಾರೂ ಎಣಿಸದ ಹಾಗೆ, ನಕ್ಕುಬಿಟ್ಟ.

"ಅಕ್ಕ ಹೇಳಿ ಕರೆಸಿದ್ಳಾ ಭಾವ? ನೀವು ರಿಮೋಟು ಆನ್ ಇಟ್ಕೊಂಡು ಬಯಲಿಗೆ ಬಂದ್ರಿ ಅಂದ್ರೆ ಚಿಕ್ಕ ಮಗೂನೂ ನಂಬಲ್ಲ. ನನಗೋಸ್ಕರ ನಿಮ್ಮ ಹೆಸರು ಕೆಡಿಸ್ಕೋಬೇಡಿ. ನನ್ನ ಕೈ ಹೋಗಿದೆ, ನನಗೆ ಗೊತ್ತು."

ಭಾವ ಬೆಚ್ಚಿಬಿದ್ದರು. ಬೈಯುತ್ತಾನೆ, ಮುಖ ತಿರುಗಿಸುತ್ತಾನೆ, ಹೊರಗೆ ನಡೀರಿ ಅನ್ನುತ್ತಾನೆ, ಎಲ್ಲಕ್ಕೂ ದಾರಿಯುದ್ದಕ್ಕೂ ಸಿದ್ಧರಾಗಿ ಬಂದಿದ್ದರು. ನಂಬುವುದೇ ಇಲ್ಲ ಅನ್ನುವುದಕ್ಕೆ ಸಿದ್ಧರಾಗಿರಲಿಲ್ಲ. ಜೀವಮಾನವಿಡೀ ಕಟ್ಟಿದ ಒಳ್ಳೆಯ ಹೆಸರು ಬಾಗಿಲಿಗೆ ಅಡ್ಡ ಬಂದು ನಿಂತಿತ್ತು.

"ಸರಿ. ನಂಬಬೇಡ. ನೋಡು," ಎಂದರು.

ಮೊದಲು ವಿಮಾನದ ಮೂಗಿನಲ್ಲಿ ತಿರುಗುವ ಪಂಖ ಬಿಚ್ಚಿ ಬದಿಗಿಟ್ಟರು. ಬ್ಯಾಟರಿ ಸಿಕ್ಕಿಸಿದರು. "ನಿನ್ನ ರಿಮೋಟು ಆನ್ ಮಾಡು. ಆಡಿಸು."

ಬಾಮೈದ ಮನಸ್ಸಿಲ್ಲದ ಮನಸ್ಸಿನಿಂದ ಆಡಿಸಿದ. ಬಾಲದ ಪಟ್ಟಿ ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ತಿರುಗಿತು.

"ಈಗ ರಿಮೋಟು ಕೆಳಗಿಡು. ಕೈ ಮಡಿಲಲ್ಲಿ ಇಟ್ಕೋ. ಕಣ್ಣು ಬಾಲದ ಮೇಲಿರಲಿ."

ಭಾವ ಚೀಲ ಹೆಗಲಿಗೇರಿಸಿ ಅಂಗಳಕ್ಕಿಳಿದರು. ಹತ್ತು ಹೆಜ್ಜೆ ಹೋಗಿ, ಚೀಲದೊಳಗೆ ಕೈ ಹಾಕಿ ಸ್ವಿಚ್ಚು ಮೇಲೆ ಮಾಡಿದರು.

ಒಳಗೆ ಮೇಜಿನ ಮೇಲೆ ಬಾಲದ ಪಟ್ಟಿ ನೀರಿನಿಂದ ತೆಗೆದ ಮೀನಿನಂತೆ ಬಡಿದುಕೊಳ್ಳತೊಡಗಿತು. ಎಡ, ಬಲ, ಮತ್ತೆ ಎಡ, ಯಾರ ಅಂಕೆಯೂ ಇಲ್ಲ. ಪಟಪಟ ಸದ್ದು ಅಂಗಳದವರೆಗೂ ಕೇಳಿಸಿತು. ಬಾಮೈದನ ಕೈಗಳು ಅವನ ಮಡಿಲಲ್ಲೇ ಇದ್ದವು, ಬೆರಳು ಕೂಡ ಅಲುಗಿರಲಿಲ್ಲ. ಅವನು ಬಾಲವನ್ನು ನೋಡಿದ, ಕೈಗಳನ್ನು ನೋಡಿದ, ಮತ್ತೆ ಬಾಲವನ್ನು ನೋಡಿದ.

"ಸಾಕು, ಆಫ್ ಮಾಡಿ ಭಾವ," ಎಂದ.

ಭಾವ ಒಳಗೆ ಬಂದಾಗ ಅವನು ಎರಡು ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಳುವಿನ ಜೊತೆಗೆ ಸಮಾಧಾನವೂ ಇತ್ತು. ಕಳೆದುಹೋದ ಕೈ ವಾಪಸು ಸಿಕ್ಕಿತ್ತಲ್ಲ. ಭಾವನಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು: ಇಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಆ ಮೇಡಂ ಅವರ ಮುಂದೆ ಒಪ್ಪಿಕೊಳ್ಳುತ್ತೇನೆ, ಸಂಜೆ ಸಂಘದವರನ್ನು ಕರೆದು ಹೇಳುತ್ತೇನೆ, ನಾನು ಇನ್ನು ಬಯಲಿಗೆ ಕಾಲಿಡುವುದಿಲ್ಲ, ನಿನ್ನ ಡಿಪೋಗೂ ಬರುತ್ತೇನೆ, ಮ್ಯಾನೇಜರ ಕಾಲು ಹಿಡಿಯುತ್ತೇನೆ.

ಬಾಮೈದ ಕಣ್ಣೊರೆಸಿಕೊಂಡ. ಏನೋ ಲೆಕ್ಕ ಹಾಕುವವನಂತೆ ಹುಬ್ಬು ಗಂಟಿಕ್ಕಿದ.

"ರಿಮೋಟು ಆನ್ ಇದ್ದದ್ದು ನಿಮಗೆ ಯಾವಾಗ ಗೊತ್ತಾಯ್ತು, ಭಾವ?"

ಈಗ ತಾನೇ, ಬೆಳಿಗ್ಗೆ ಚೀಲ ತೆರೆದಾಗ, ಎಂದು ಹೇಳಬಹುದಿತ್ತು. ಭಾವ ಹೆಂಡತಿಯ ಕಡೆ ನೋಡಿದರು. ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದಳು.

"ನಿನ್ನೆ ಮಧ್ಯಾಹ್ನ," ಎಂದರು. "ಎರಡೂವರೆಗೆ."

"ನಾನು ಕೇಳಿದ್ದು ನಾಲ್ಕಕ್ಕೆ," ಎಂದಳು ಹೆಂಡತಿ.

ಬಾಮೈದ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಾತಾಡಿದಾಗ, ಯಾವುದೋ ಊರಿನ ಬಸ್ಸಿನ ವೇಳೆ ಹೇಳಿದ ಹಾಗಿತ್ತು.

"ನಾನು ಡಿಪೋದಲ್ಲಿ ಅರ್ಜಿ ಕೊಟ್ಟಿದ್ದು ಇವತ್ತು ಬೆಳಿಗ್ಗೆ ಎಂಟಕ್ಕೆ, ಭಾವ."