ಬೂದಿಯೊಳಗಿನ ಅಗ್ನಿಶಿಖೆ

ಬೆಚ್ಚನೆಯ ಬೂದಿ, ಅದರೊಳಗೆ ಬೇಯುವ ಗೆಣಸು: ಬಾಲ್ಯದಿಂದ ನನ್ನಲ್ಲಿ ಉಳಿದಿರುವುದು ಈ ವಾಸನೆ. ಅದು ಬಂದರೆ ಇಂದಿಗೂ ನನಗೆ ಭಯ.

ನಾನು ಅಗ್ನಿಶಿಖೆ ಎಂಬ ಹೂಬಳ್ಳಿಯ ಒಂದು ಗಡ್ಡೆ. ತಾಯಿಗಡ್ಡೆ ಮಣ್ಣಿನೊಳಗೆ ಬತ್ತುತ್ತಾ ತನ್ನ ಸಾರವನ್ನೆಲ್ಲ ನನಗೂ ನನ್ನ ತಮ್ಮನಿಗೂ ಕೊಟ್ಟಳು. ಸಾರದ ಜೊತೆ ವಿಷವನ್ನೂ ಕೊಟ್ಟಳು. ತಾನು ಹಾಸನದ ಈ ಮನೆಗೆ ಬಂದ ಕತೆಯನ್ನೂ ಅವಳೇ ಹೇಳಿದ್ದು.

ನರ್ಸರಿಗೆ ಬಂದ ವಾರಿಜಾ, "ಒಂದ್ಸಲ ನೆಟ್ಟರೆ ವರ್ಷವರ್ಷ ಹೂ ಬಿಡೋವಂಥದ್ದು ಕೊಡಿ" ಎಂದಳಂತೆ. ಸುಗಂಧರಾಜ, ಡೇಲಿಯಾ, ಮಳೆ ಲಿಲ್ಲಿ ಆರಿಸಿಕೊಂಡವಳ ಕಣ್ಣು ನಮ್ಮ ಕೆಂಪು ಹಳದಿ ಹೂವಿನ ಮೇಲೆ ನಿಂತಿತು.

"ಅದರ ಗಡ್ಡೆ ವಿಷ ಮೇಡಂ. ಯೋಚನೆ ಮಾಡಿ" ಎಂದ ನರ್ಸರಿಯವನು.

"ಗಡ್ಡೆ ಕಿತ್ತು ತಿನ್ನೋರು ನಮ್ಮನೇಲಿ ಯಾರಪ್ಪ? ನಾನು, ನಮ್ಮತ್ತೆ. ಅವರಿಗೆ ಚಕ್ಕುಲೀನೇ ಅಗಿಯೋಕಾಗಲ್ಲ!"

ಎಲ್ಲರೂ ನಕ್ಕರಂತೆ. ನನ್ನ ತಾಯಿಗಡ್ಡೆ ನಗಲಿಲ್ಲ.

ಮಳೆಗಾಲವಿಡೀ ಬಳ್ಳಿ ಬೆಂಕಿಯಂತೆ ಹೂ ಬಿಟ್ಟಿತು. ಚಳಿಗೆ ಒಣಗಿದಾಗ ವಾರಿಜಾ ನಮ್ಮನ್ನು ಅಗೆದು, ಕೊಳೆಯದಿರಲೆಂದು ಬೂದಿ ಸವರಿ, ಬಚ್ಚಲ ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿಟ್ಟಳು. ಅತ್ತೆಗೆ ಹೇಳಲು ಮಾತ್ರ ಮರೆತಳು.

ಅತ್ತೆ ಪುಟ್ಟತಾಯಮ್ಮನವರ ಕಣ್ಣಿಗೆ ಪೊರೆ. ಅವರಿಗೆ ಕೈಯೇ ಕಣ್ಣು. ಸಂಕ್ರಾಂತಿಯ ದಿನ ಸ್ನಾನದ ನೀರು ಕಾದ ಮೇಲೆ, ಒಲೆಯ ಬಿಸಿಬೂದಿಯಲ್ಲಿ ಗೆಣಸು ಹೂಳುವುದು ಅವರ ಪದ್ಧತಿ. ಹೂಳಿ ಮುಗಿಸಿ ಸುತ್ತ ತಡವಿದರು. ಬೆರಳು ನನ್ನ ತಮ್ಮನಿಗೆ ತಗುಲಿತು.

"ಅಯ್ಯೋ, ಇದೊಂದು ಹೊರಗೇ ಉಳೀತಲ್ಲ. ವಾರಿಜಂಗೆ ಸುಟ್ಟ ಗೆಣಸು ಅಂದ್ರೆ ಪ್ರಾಣ."

ತಮ್ಮ ಬೂದಿಯೊಳಗೆ ಹೋದ. ಕೂಗಲು ನನಗೆ ಬಾಯಿಲ್ಲ.

ಸ್ವಲ್ಪ ಹೊತ್ತಿಗೆ ಬಚ್ಚಲ ಬಾಗಿಲಲ್ಲೇ ಕುಳಿತು ವಾರಿಜಾ ತಟ್ಟೆ ಹಿಡಿದಳು. ಒಂದು ಗೆಣಸು ತಿಂದಳು. ಇನ್ನೊಂದನ್ನು ಎತ್ತಿ ಸಿಪ್ಪೆ ಸುಲಿದಳು. ಬಾಯಿಯ ಹತ್ತಿರ ಹೋದ ಕೈ ನಿಂತಿತು. ಕೈಯಲ್ಲಿದ್ದ ಗಡ್ಡೆ ನೇಗಿಲಿನಂತೆ ಬಾಗಿತ್ತು.

"ಅತ್ತೆ, ಇದೆಲ್ಲಿತ್ತು?"

"ಒಲೆ ಪಕ್ಕದಲ್ಲಿ. ಯಾಕಮ್ಮ, ಬೆಂದಿಲ್ವಾ?"

"ಅದು ಹೂವಿನ ಗಡ್ಡೆ ಅತ್ತೆ... ವಿಷ."

ಪುಟ್ಟತಾಯಮ್ಮ ತಮ್ಮ ಕೈಗಳನ್ನು ಬೇರೆ ಯಾರದೋ ಎಂಬಂತೆ ಮಡಿಲಲ್ಲಿಟ್ಟುಕೊಂಡರು.

"ತಪ್ಪು ನಂದೇ. ನಿಮಗೆ ಹೇಳಬೇಕಿತ್ತು" ಎಂದು ವಾರಿಜಾ ಎಷ್ಟು ಹೇಳಿದರೂ ಅವರು ಮತ್ತೆ ಒಲೆಯ ಹತ್ತಿರ ಸುಳಿಯಲಿಲ್ಲ. ವಾರಿಜಾ ನನ್ನನ್ನು ಎಸೆಯಲು ಹೊರಟಾಗ ಮಾತ್ರ ಬಾಯಿಬಿಟ್ಟರು: "ಬೇಡ, ಹೂವಿಗೇನು ಗೊತ್ತು?" ಅವಳು ನನಗೆ ಗುರುತಿಗೆ ಕೆಂಪು ದಾರ ಕಟ್ಟಿ ಬಚ್ಚಲ ಗೋಡೆಯ ಎತ್ತರದ ಗೂಡಿನಲ್ಲಿಟ್ಟಳು.

ಶಿವರಾತ್ರಿ ಬಂತು. ವಾರಿಜಾಗೆ ಉಪವಾಸ. ಬೆಳಿಗ್ಗೆ ಹಸಿ ಗೆಣಸಿನ ಬುಟ್ಟಿಯನ್ನು ಅತ್ತೆಯ ಪಕ್ಕದಲ್ಲಿಟ್ಟು, ಗಿಡಕ್ಕೆ ನೀರು ಹಾಕಲು ಹೋದಳು. ಪುಟ್ಟತಾಯಮ್ಮ ಬಹಳ ಹೊತ್ತು ಬುಟ್ಟಿ ಮುಟ್ಟಲಿಲ್ಲ. ಆಮೇಲೆ ಒಂದೊಂದನ್ನೇ ತಡವಿ, ಮೂಸಿ, ಒಲೆಯ ಬೂದಿಯಲ್ಲಿ ಹೂಳಿದರು.

ಇದು ನನ್ನ ಕೊನೆಯ ಬೇಸಿಗೆ. ಮಳೆ ಬಿದ್ದರೆ ನಾನೂ ಬತ್ತಿ, ಸಾರವನ್ನೂ ವಿಷವನ್ನೂ ಮಕ್ಕಳಿಗೆ ದಾಟಿಸುತ್ತೇನೆ. ಬೇರೇನು ಕೊಡಲಿ? ಕೆಳಗೆ ಬೂದಿಯ ವಾಸನೆ ಏಳುತ್ತಿದೆ. ಬಾಗಿಲಲ್ಲಿ ಪುಟ್ಟತಾಯಮ್ಮ ತಟ್ಟೆ ಚಾಚಿದ್ದಾರೆ. ವಾರಿಜಾ ತಟ್ಟೆಯತ್ತ ನೋಡುತ್ತಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಾ ಒಂದನ್ನು ಎತ್ತಿ ಬಾಯಿಗಿಟ್ಟುಕೊಂಡಳು.