ಬೆಲ್ಲದ ಕೈಗಳ ಕಂಪ್ಯೂಟರ್

"ನೀವು ಏನರ ಹೇಳ್ರಿ ಅಕ್ಕೋರ, ಬೆಲ್ಲದ ಕೈಲೆ ಕಂಪ್ಯೂಟರ್ ಮುಟ್ಟಾಕ ನಾ ಬಿಡಂಗಿಲ್ಲ," ಎಂದರು ಹೆಡ್‌ಮಾಸ್ತರ ಲಗಮಪ್ಪ.

ಶಿಕ್ಷಕಿ ಮಥುರಾಬಾಯಿಗೆ ಈ ಮಾತು ಬಾಯಿಪಾಠವಾಗಿತ್ತು. ಮಹಾಲಿಂಗಪುರದ ಮಗ್ಗುಲಿನ ಆ ಊರಲ್ಲಿ ಕಬ್ಬಿನ ಗಾಣ ಶುರುವಾದರೆ ಮಕ್ಕಳು ಬಿಸಿ ಬೆಲ್ಲ ನೆಕ್ಕಿಯೇ ಶಾಲೆಗೆ ಬರುತ್ತವೆ. ಕೀಬೋರ್ಡಿನ ಸಂದಿಯಲ್ಲಿ ಇರುವೆ ಕಂಡದ್ದೇ ತಡ, ಲಗಮಪ್ಪನವರು ಕಂಪ್ಯೂಟರ್ ಕೋಣೆಗೆ ಕೀಲಿ ಜಡಿದಿದ್ದರು.

ಮಥುರಾಬಾಯಿ ಸುಮ್ಮನೆ ಕೂಡುವ ಪೈಕಿಯಲ್ಲ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಇಡೀ ಕಂಪ್ಯೂಟರ್ ಬರೆದರು. ಮಕ್ಕಳು ಬಂದು ಗುಂಡಿ ಒತ್ತುವರು. ಒತ್ತಿದ ಅಕ್ಷರವನ್ನು ಇವರು ಪರದೆಯಲ್ಲಿ ಬರೆಯುವರು. ಅಳಿಸುವ ಗುಂಡಿ ಒತ್ತಿದರೆ ಡಸ್ಟರ್.

ಇವತ್ತು ಜಮಖಂಡಿಯಿಂದ ಶಿಕ್ಷಣ ಇಲಾಖೆಯ ಶಿವಯೋಗಿ ಸಾಹೇಬರು ಟೆಂಪೋ ಸಮೇತ ಬಂದರು. ಮಕ್ಕಳಿಗೆ ಬಳಸಲು ಬರದಿದ್ದರೆ ಕಂಪ್ಯೂಟರ್ ಬೇರೆ ಶಾಲೆಗೆ ಹೋಗುವುದಿತ್ತು. ಲಗಮಪ್ಪನವರು ಕೋಣೆಯ ಕೀಲಿ ತೆಗೆದು, ಚಪ್ಪಲಿ ಬಿಟ್ಟು, ಊದುಬತ್ತಿ ಹಚ್ಚಿ, ಕಂಪ್ಯೂಟರಿನ ಗುಂಡಿ ಒತ್ತಿದರು. ಕರೆಂಟ್ ಹೋಯಿತು.

"ಇನ್ನ ಸಂಜಿಗೇ ಬರೂದ್ರಿ ಸರ," ಎಂದರು ಲಗಮಪ್ಪನವರು.

"ಹಂಗಾರ ಒಯ್ತೀನಿ," ಎಂದರು ಸಾಹೇಬರು.

"ತಡೀರಿ ಸರ, ನಮ್ಮದು ಕರೆಂಟಿಲ್ಲದನೂ ನಡೀತೈತಿ," ಎಂದು ಮಥುರಾಬಾಯಿ ಹಲಗೆಯನ್ನು ಎಳೆದು ತಂದರು.

ನಾಲ್ಕನೆಯ ಇಯತ್ತೆಯ ಅಂಜನಾ ತನ್ನ ಹೆಸರು ಒತ್ತಿದಳು, ಪರದೆಯಲ್ಲಿ ಬಂತು. ಸಾಹೇಬರೂ ಬಗ್ಗಿ, ಹತ್ತೂ ಬೆರಳಿಂದ ಪಟಪಟ ಬಡಿದರು. ಯಾವುದನ್ನು ಬರೆಯಬೇಕೆಂದು ತಿಳಿಯದೆ ಮಥುರಾಬಾಯಿ ಸೀಮೆಸುಣ್ಣ ಹಿಡಿದು ನಿಂತೇಬಿಟ್ಟರು.

"ಯಾಕ ಬರವಲ್ದು?"

"ಅಷ್ಟ ಬಡದ್ರ ಹ್ಯಾಂಗ್ ಆಗತೈತ್ರಿ," ಎಂದಳು ಅಂಜನಾ. "ಸುಮ್ನ ನಿಂದರ್ರಿ ಚೂರು."

ಸಾಹೇಬರು ಕೈ ಕಟ್ಟಿ ನಿಂತರು. ಲಗಮಪ್ಪನವರೂ ನಿಂತರು. ಅಂಜನಾ ತಲೆಯಾಡಿಸಿದ ಮೇಲೆ ಸಾಹೇಬರು ಒಂದೊಂದೇ ಗುಂಡಿ ಮೆಲ್ಲಗೆ ಒತ್ತಿದರು. ತಮ್ಮ ಹೆಸರು ಪರದೆಯಲ್ಲಿ ಮೂಡಿದಾಗ ಅವರ ಮುಖ ಅರಳಿತು.

"ನಮ್ಮ ಆಫೀಸಿಂದಕಿಂತ ಛಲೋ ಐತಿ. ಲಗಮಪ್ಪನವರ, ಆ ಕಂಪ್ಯೂಟರ್ ಇಲ್ಲೇ ಇರ್ಲಿ. ಕೀಲಿ ಅಕ್ಕೋರಿಗೆ ಕೊಡ್ರಿ. ನಾ ಈ ಬೋರ್ಡ್ ಒಯ್ತೀನಿ, ಮಾಸ್ತರಗಳ ಟ್ರೇನಿಂಗಿಗೆ ಬೇಕು."

"ಆದ್ರ ಸರ, ಹುಡುಗೂರ ಕೈ..."

"ತೊಳಸ್ತೀನ್ರಿ," ಎಂದು ಮಥುರಾಬಾಯಿ ಅಂಗೈ ಚಾಚಿದರು. ಲಗಮಪ್ಪನವರು ಒಲ್ಲದ ಮನಸ್ಸಿನಿಂದ ಕೀಲಿಕೈ ಇಟ್ಟರು.

ಹಲಗೆ ಎತ್ತಲು ಹೋದಾಗ ಅಂಜನಾ ಅಡ್ಡ ಬಂದಳು. "ಶಟ್‌ಡೌನ್ ಮಾಡಲಾರದ ಒಯ್ಯಬಾರದ್ರಿ."

"ಖರೆ. ಮಾಡವ್ವ," ಎಂದರು ಸಾಹೇಬರು.

ಅವಳು ಮೂಲೆಯ ಗುಂಡಿ ಒತ್ತಿದಳು. ಮಥುರಾಬಾಯಿ ದಿನದ ರೂಢಿಯಂತೆ ಡಸ್ಟರ್ ಹಿಡಿದು ಹಲಗೆಯನ್ನೆಲ್ಲ ಒರೆಸಿದರು. ಬರಿಯ ಆ ಕರಿಹಲಗೆಯನ್ನು ಸಾಹೇಬರು ಟೆಂಪೋದಲ್ಲಿ ಮೆಲ್ಲಗೆ ಮಲಗಿಸಿ, ಧೂಳು ಬೀಳದಂತೆ ತಮ್ಮ ಟವೆಲ್ ಹೊದಿಸಿದರು.